ಬಿಟ್ಟವನ ಪಕ್ಕ ಯಾರು ಕೂರ್ತೀರಿ?

(ಗಂಡಸಿಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಕುಡಿತದ ಬಗ್ಗೆ ಮಾತಾಡಿ ಅಂದರು. ಕುಡೀಬೇಡಿ ಅಂತ ಹೇಳೋಕೆ ನಾವು ಬಂದಿಲ್ಲ. ಅದನ್ನ ಶಾಲೆಯ ಗೋಡೆ ಹೇಳಿದೆ, ಸಾರಾಯಿ ಹರಾಜಿನಲ್ಲಿ ಕಾಸು ಮಾಡಿಕೊಂಡವರೂ ಮೈಕು ಹಿಡಿದು ಹೇಳಿದ್ದಾರೆ. ನಮ್ಮ ಪ್ರಶ್ನೆ ಬೇರೆ. ನಮ್ಮ ಕೇರಿಯಲ್ಲಿ ಒಬ್ಬ ಮನುಷ್ಯ ‘ಇವತ್ತಿಂದ ಬಿಟ್ಟೆ ಕಣ್ರಪ್ಪ’ ಅಂದನಲ್ಲ, ಅವನ ಮಾರನೇ ಬೆಳಗ್ಗೆ ಹೇಗಿರುತ್ತೆ? ಆ ಬೆಳಗ್ಗೆ ನಾವೆಲ್ಲಿರ್ತೀವಿ?

‘ಹೆಂಡ ಬೇಡ, ವಸತಿಶಾಲೆ ಬೇಕು’ ಅಂತ ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕೂಗಿತು. ಆ ಕೂಗಿನ ಎರಡನೇ ಅರ್ಧದಲ್ಲಿ ಕೂತು ನೀವು ಓದುತ್ತಿದ್ದೀರಿ. ಮೊದಲನೇ ಅರ್ಧ ಇನ್ನೂ ಅಪ್ಪನ ಮನೆಯಲ್ಲೇ ಉಳಿದಿದೆ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಅನ್ನುವುದೂ ಒಂದು. ಪಾನನಿಷೇಧಕ್ಕೆ ಪ್ರಯತ್ನಿಸಿ ಅಂತ ಸಂವಿಧಾನದ 47ನೇ ವಿಧಿ ಸರ್ಕಾರಕ್ಕೆ ಹೇಳುತ್ತೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ನಿಜ. ಪ್ಯಾಕೆಟ್ಟು ಹೋದ ಜಾಗಕ್ಕೆ 90 ಮಿಲಿಲೀಟರಿನ ಡಬ್ಬಿ ಬಂದು ಕೂತಿತು. ಸರ್ಕಾರದ ಮಾತು ಇಷ್ಟು ಸಾಕು.

ನಮ್ಮ ಕೇರಿಯ ಚಿಕ್ಕಪ್ಪನ ಕಥೆ ಹೇಳ್ತೀವಿ. ಅವನ ಹೆಸರು ಬೇಡ, ಅವನೇ ಬೇಡ ಅಂದ. ತಮಟೆ ಬಡಿಯೋದರಲ್ಲಿ ಸುತ್ತೂರಿಗೆಲ್ಲ ಗಟ್ಟಿಗ. ಊರೊಳಗೆ ಸಾವಾದರೆ ತಮಟೆಗೆ ನಮ್ಮವರೇ ಆಗಬೇಕು. ಕೂಲಿ ಏನು? ಒಂದಿಷ್ಟು ಕಾಸು, ಒಂದು ಬಾಟ್ಲಿ. ರಾತ್ರಿಯೆಲ್ಲ ಹೆಣದ ಮುಂದೆ ಚಳಿಯಲ್ಲಿ ನಿಂತು ಬಡಿದವನಿಗೆ ಬಾಟ್ಲಿ ಕೊಟ್ಟವರೇ ಬೆಳಗಾದರೆ ‘ಕೇರಿಯೋರು ಕುಡುಕರು’ ಅಂತಾರೆ. ಚಿಕ್ಕಪ್ಪ ಹದಿನಾರಕ್ಕೆ ತಮಟೆ ಹಿಡಿದ, ಅದರ ಜೊತೆಗೇ ಬಾಟ್ಲಿಯನ್ನೂ ಹಿಡಿದ. ಎರಡನ್ನೂ ಕೊಟ್ಟ ಕೈ ಒಂದೇ.

ಮಗಳು ಪಿಯುಸಿ ಪಾಸಾದ ದಿನ ಬಿಡ್ತೀನಿ ಅಂದ. ನಮಗೋ ಸಂಭ್ರಮ. ಬೆನ್ನು ತಟ್ಟಿ, ಫೋಟೋ ಹಿಡಿದು, ಮನೆಗೆ ಹೋಗಿ ಮಲಗಿದೆವು. ಮಾರನೇ ಬೆಳಗ್ಗೆ ಚಿಕ್ಕಮ್ಮ ಟೀ ಕೊಟ್ಟರೆ ಲೋಟ ಕೈಯಲ್ಲಿ ನಿಲ್ಲಲಿಲ್ಲ. ಮೈಯೆಲ್ಲ ಬೆವರು, ವಾಂತಿ. ಅವತ್ತು ರಾತ್ರಿ ಕಣ್ಣು ಮುಚ್ಚಲಿಲ್ಲ. ಎರಡನೇ ರಾತ್ರಿ ಗೋಡೆ ಮೇಲೆ ಆಡು ಹತ್ತುತಾವೆ, ಓಡಿಸ್ರೋ ಅಂತ ಕೂಗೋಕೆ ಶುರು ಮಾಡಿದ. ದೆವ್ವ ಮೆಟ್ಟಿದೆ ಅಂದರು ಕೆಲವರು. ತಾಯತ ಕಟ್ಟಿಸಿ ಅಂದರು. ಒಂದು ನೈಂಟಿ ಹಾಕಿ ಸರಿಹೋಗ್ತಾನೆ ಅಂದವರೂ ಇದ್ದರು. ಬಿಎ ಓದಿದ ನಾವು ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಗೆಳೆಯರೆ, ನಮಗೆ ಏನೂ ಗೊತ್ತಿರಲಿಲ್ಲ.

ಕೊನೆಗೆ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ವೈದ್ಯರು ಬೈದರು, ಬೈದದ್ದು ಅವನನ್ನಲ್ಲ, ನಮ್ಮನ್ನ. ವರ್ಷಗಟ್ಟಲೆ ದಿನಾ ಕುಡಿದವನ ಮಿದುಳು ಹೆಂಡಕ್ಕೆ ಒಗ್ಗಿಹೋಗಿರುತ್ತೆ. ತಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಯಲ್ಲಿ ನಡುಕ, ಬೆವರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣಬಹುದು, ಬುದ್ಧಿ ಕಲಸಿಹೋಗಬಹುದು, ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಅದಕ್ಕೆ ಮಾತ್ರೆ ಇದೆ, ಬಿ1 ಜೀವಸತ್ವದ ಇಂಜೆಕ್ಷನ್ ಇದೆ. ಬಿಡುವ ಮುಂಚೇನೇ ಕರಕೊಂಡು ಬರಬೇಕಿತ್ತು ಅಂದರು. ಆ ನಡುಕ ಛಲವಿಲ್ಲದವನ ನಡುಕ ಅಂತ ನಾವು ತಿಳಿದಿದ್ದೆವು. ಅದು ಕಾಯಿಲೆ.

ಇನ್ನೊಂದು ಮಾತು. ಹೇಳದೆ ಕೇಳದೆ ಸಾರಲ್ಲಿ ಬೆರೆಸೋ ಪುಡಿ ಮಾರ್ತಾರೆ. ಅದನ್ನ ತರಬೇಡಿ. ಅಂಥ ಮದ್ದಿನ ಮೇಲೆ ತಿಳಿಯದೆ ಕುಡಿದರೆ ಪ್ರಾಣಕ್ಕೇ ಬರಬಹುದು. 14446 ಅಂತ ಸರ್ಕಾರದ ಒಂದು ಫೋನು ನಂಬರು ಇದೆ, ಕಾಸಿಲ್ಲ, ಚಟ ಬಿಡುವವರಿಗೇ ಮಾಡಿದ್ದು. ಬರಕೊಳ್ಳಿ. ಶನಿವಾರ ರಾತ್ರಿ ಬಿಯರ್ ಕುಡಿದು ಕ್ರಾಂತಿ ಮಾತಾಡುವ ನಮ್ಮ ಕವಿಮಿತ್ರರೂ ಬರಕೊಳ್ಳಲಿ.

ಆಸ್ಪತ್ರೆಯಿಂದ ಬಂದಮೇಲೆ ಕಷ್ಟವಾದ್ದು ಹಗಲಲ್ಲ, ಸಂಜೆ ಆರು ಗಂಟೆ. ಆ ಹೊತ್ತಿಗೆ ಕಾಲು ತಾನೇ ಎದ್ದು ಅಂಗಡಿ ಕಡೆ ಹೊರಡುತ್ತೆ. ಆ ಹೊತ್ತನ್ನ ಹಂಚಿಕೊಂಡೆವು, ದಿನಕ್ಕಿಬ್ಬರು. ಉಪದೇಶ ಇಲ್ಲ. ಕಡ್ಲೆಪುರಿ, ಬೆಲ್ಲದ ಟೀ, ತೆಂಗಿನ ತೋಟದ ಬದುವಿನ ಮೇಲೆ ಒಂದು ಸುತ್ತು. ಹೊಟ್ಟೆ ಹಸಿದಷ್ಟೂ ಅದರ ಆಸೆ ಜಾಸ್ತಿ, ಆರಕ್ಕೆ ಮುಂಚೆ ಮುದ್ದೆ ಉಂಡರೆ ಎಷ್ಟೋ ವಾಸಿ ಅಂತ ಚಿಕ್ಕಮ್ಮನೇ ಕಂಡುಕೊಂಡಳು. ‘ಜೀವಮಾನ ಪೂರಾ ಕುಡಿಯಲ್ಲ ಅನ್ನೋಕೆ ಭಯ ಆಯ್ತದೆ ಕಣಪ್ಪ’ ಅಂದ ಒಂದು ದಿನ. ಜೀವಮಾನ ಯಾಕೆ ಚಿಕ್ಕಪ್ಪ, ಇವತ್ತು ಒಂಬತ್ತು ಗಂಟೆ ತನಕ ಹೇಳು ಸಾಕು ಅಂದೆವು.

ಹನ್ನೆರಡನೇ ದಿನ ಊರೊಳಗೆ ಒಂದು ಸಾವು. ತಮಟೆಗೆ ಕರೆ ಬಂತು. ಹೋದ. ಕುಡಿದು ಬಂದ.

ನಾವು ಮಾಡಿದ ದೊಡ್ಡ ತಪ್ಪು ಇಲ್ಲಿದೆ. ಮಾರನೇ ದಿನ ನಾಲ್ಕು ಜನರ ಮುಂದೆ ನಮ್ಮಲ್ಲೊಬ್ಬ ‘ನಿನ್ನಂಥೋರಿಂದಲೇ ಚಳುವಳಿಗೆ ಕೆಟ್ಟ ಹೆಸರು’ ಅಂದುಬಿಟ್ಟ. ಚಿಕ್ಕಪ್ಪ ಮಾತಾಡಲಿಲ್ಲ. ಟವಲ್ಲು ಕೊಡವಿ ಎದ್ದು ಹೋದ. ಊರು ಅಂದ ಮಾತನ್ನೇ ನಾವೂ ಅಂದಂಗಾಯಿತು. ರಾತ್ರಿ ಅವನ ಮನೆಗೆ ಹೋಗಿ ತಪ್ಪಾಯಿತು ಅಂದೆವು. ಹನ್ನೊಂದು ದಿನ ಕುಡೀದೆ ಇದ್ದೆಯಲ್ಲ, ಅದೇನು ನೀರಿಗೆ ಹೋಯ್ತಾ ಅಂದೆವು. ಬೆಳಗ್ಗೆ ಜೊತೆಗೇ ಮತ್ತೆ ಆಸ್ಪತ್ರೆಗೆ ಹೋದೆವು.

ತಮಟೆಯನ್ನೇ ಬಿಡಬೇಕು, ಬಿಟ್ಟಿ ಚಾಕರಿಯನ್ನೇ ಬಿಡಬೇಕು ಅಂತಾರೆ ನಮ್ಮ ಹಿರಿಯರು. ಒಪ್ತೀವಿ. ಆದರೆ ಆ ಕಾಸಿನಲ್ಲೇ ಅವನ ಮಗಳು ಕಾಲೇಜಿಗೆ ಹೋಗ್ತಾಳೆ, ಅದಕ್ಕೆ ಬದಲು ಕೂಲಿ ನಾವು ಹುಡುಕಿಕೊಟ್ಟಿಲ್ಲ. ಅದಾಗುವ ತನಕ?

ಮೊನ್ನೆ ಮತ್ತೆ ಕರೆ ಬಂತು. ಈ ಸಲ ನಾವು ಮೂರು ಜನ ಅವನ ಹಿಂದೆ ಹೋದೆವು. ತಮಟೆ ಕಾಯಿಸುವ ಬೆಂಕಿಯ ಹತ್ತಿರ ಬಾಟ್ಲಿ ಬಂತು. ಚಿಕ್ಕಪ್ಪ, ‘ಇದು ಬ್ಯಾಡಿ ಸೋಮಿ, ಇದರ ದುಡ್ಡನ್ನೂ ಕೂಲಿಗೆ ಸೇರಿಸಿ ಕೊಡಿ’ ಅಂದ. ಮನೆ ಯಜಮಾನ ಅವನ ಮುಖ ನೋಡಿದ, ಹಿಂದೆ ನಿಂತಿದ್ದ ನಮ್ಮನ್ನೂ ನೋಡಿದ. ಹೊತ್ತು ಬಿಟ್ಟು ಕೊಟ್ಟ. ಬೆಳಗಿನ ಜಾವದ ತನಕ ನಾವು ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಾ ಕೂತೆವು. ಅವನ ಕೈ ಆ ರಾತ್ರಿ ನಡುಗಲಿಲ್ಲ.

ಇವತ್ತಿಗೆ 39 ದಿನ. ಬರುವ ವಾರ ನಮ್ಮಲ್ಲಿ ಇಬ್ಬರು ಕೆಲಸದ ಮೇಲೆ ಬೆಂಗಳೂರಿಗೆ ಹೋಗ್ತಾರೆ. ಸಂಜೆ ಆರರಿಂದ ಒಂಬತ್ತಕ್ಕೆ ಜನ ಸಾಲದು. ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಇಳಿಯಿರಿ, ನಾವು ಬಂದು ಕರಕೊಂಡು ಹೋಗ್ತೀವಿ. ಚಿಕ್ಕಮ್ಮ ಮುದ್ದೆ ಮಾಡಿರ್ತಾಳೆ. ಬರುವವರು ಈ ಹಾಳೆಯಲ್ಲಿ ಹೆಸರು ಬರೆದು ಹೋಗಿ.