ಕಂಡೂ ಕಾಣದ ಹಾಗೆ

ನಸುಕಿನಲ್ಲಿ ಕೈಚೀಲ ಹಿಡಿದು, ಕಾಂಪೌಂಡಿನಾಚೆ ಬಾಗಿದ ದಾಸವಾಳ, ನಂದಿಬಟ್ಟಲು ಕೊಯ್ಯುವವರನ್ನು ನೀವೂ ಬಲ್ಲಿರಿ. ನಮ್ಮ ಎದುರುಮನೆಯ ಗಿಡಕ್ಕೂ ಒಬ್ಬ ಹಿರಿಯರು ಬರುತ್ತಾರೆ. ಸೋಮವಾರ ನಮ್ಮ ಮಹಡಿಯಿಂದ ಕಂಡಿತು: ಅಷ್ಟು ಹೊತ್ತೂ ಆ ಮನೆಯ ಅಜ್ಜಿ ರಂಗೋಲಿ ಡಬ್ಬಿ ಹಿಡಿದು ಕಿಟಕಿಯ ಮರೆಯಲ್ಲಿ ನಿಂತಿದ್ದರು. ಚೀಲ ಬೀದಿಯ ತಿರುವು ದಾಟಿದ ಮೇಲೆಯೇ ಚಿಲಕ ತೆಗೆದ ಸದ್ದು.

ಅದೇ ಸಂಜೆ ಅವರ ಮೊಮ್ಮಗಳು ಬಂದು ‘ಟರ್ನ್ ಎ ಬ್ಲೈಂಡ್ ಐ’ ಅಂದರೇನು ಎಂದು ಕೇಳಿದಳು. ಜಾಣ ಕುರುಡು ಎಂದೆ. ಅದಕ್ಕೊಂದು ಕಥೆಯೂ ಇದೆ.

1801ರ ಏಪ್ರಿಲ್ 2. ಕೋಪನ್‌ಹೇಗನ್ನಿನ ಎದುರು ಬ್ರಿಟಿಷರಿಗೂ ಡೇನರಿಗೂ ಕಡಲಕಾಳಗ. ದೂರದಲ್ಲಿದ್ದ ಬ್ರಿಟಿಷ್ ಸೇನಾಪತಿ ಹೈಡ್ ಪಾರ್ಕರ್ 39ನೇ ಸಂಖ್ಯೆಯ ಸಂಕೇತ ಏರಿಸಿದ: ಕಾಳಗ ನಿಲ್ಲಿಸಿ. ಅವನ ಕೈಕೆಳಗೆ ಮುಂದೆ ಕಾದುತ್ತಿದ್ದ ನೆಲ್ಸನ್‌ಗೆ 1794ರಲ್ಲಿ, ಕಾರ್ಸಿಕಾ ದ್ವೀಪದ ಕಾಲ್ವಿಯಲ್ಲಿ, ಬಲಗಣ್ಣಿಗೆ ಪೆಟ್ಟುಬಿದ್ದು ದೃಷ್ಟಿ ಹೋಗಿತ್ತು. ದುರ್ಬೀನನ್ನು ಆ ಕಣ್ಣಿಗೇ ಹಿಡಿದು, ಸಂಕೇತ ಕಾಣುತ್ತಿಲ್ಲ ಎಂದನಂತೆ. ಗೆದ್ದ. ಈ ಮಾತು ಅವನಿಗಿಂತ ಹಳೆಯದು ಎನ್ನುವವರಿದ್ದಾರೆ, ಇರಲಿ. ನನ್ನ ಮನಸ್ಸಿನಲ್ಲಿ ಉಳಿದವನು ರಿಯೂ ಎಂಬ ಕ್ಯಾಪ್ಟನ್. ಅವನೂ ಸಂಕೇತ ನೋಡಿದ, ಪಾಲಿಸಿದ, ಹಡಗು ಹಿಂದಿರುಗುತ್ತಿದ್ದಾಗ ಫಿರಂಗಿ ಗುಂಡಿಗೆ ಬಲಿಯಾದ. ನೆಲ್ಸನ್ನನ ಕಥೆ ಹೇಳುವಾಗ ಅವನನ್ನು ಬಿಡಬಾರದು ಅನ್ನಿಸುತ್ತದೆ.

ಈಗ ಇಂಗ್ಲಿಷಿನಲ್ಲಿ ಆ ನುಡಿಗಟ್ಟು ಹೆಚ್ಚಾಗಿ ದೂರಿನ ಮಾತು. ನಮ್ಮ ಪತ್ರಿಕೆಗಳ ಜಾಣ ಕುರುಡೂ ಹಾಗೆಯೇ. ಕೆರೆ ಒತ್ತುವರಿಯಾದಾಗ, ಮರಳು ಕದ್ದು ಸಾಗಿದಾಗ ಆ ಮಾತು ಬರುತ್ತದೆ, ಬರಲೇಬೇಕು. ಆದರೆ ಅಜ್ಜಿ ಮಾಡಿದ್ದನ್ನು ಹಾಗೆ ಕರೆಯಲು ನನಗೆ ನಾಲಿಗೆ ಏಳಲಿಲ್ಲ. ಹೂ ತನ್ನದೆಂದು ಅವರಿಗೆ ಗೊತ್ತು, ಕೊಯ್ಯುವವರು ಯಾರೆಂದೂ ಗೊತ್ತು. ತಾನು ಎದುರಾದರೆ ಆ ಹಿರಿಯರ ಕೈ ತಡವರಿಸೀತು, ಅಷ್ಟೇ ಅವರ ಅಂಜಿಕೆ. ಇದಕ್ಕೆ ಕನ್ನಡದಲ್ಲಿ ಇನ್ನೊಂದು ಮಾತಿದೆಯಲ್ಲ, ಕಂಡೂ ಕಾಣದ ಹಾಗೆ. ಅದರಲ್ಲಿ ಕುರುಡೂ ಇಲ್ಲ, ಜಾಣತನವೂ ಇಲ್ಲ. ಮೊದಲು ಕಾಣಬೇಕು, ಚೆನ್ನಾಗಿ ಕಾಣಬೇಕು.

ಗುರುವಾರ ಹಿರಿಯರು ಬರಲಿಲ್ಲ. ಬಿಸಿಲೇರಿದರೂ ದಾಸವಾಳ ಗಿಡದಲ್ಲೇ ಇತ್ತು. ಅಜ್ಜಿ ರಂಗೋಲಿ ಮುಗಿಸಿ ಗೇಟಿನ ಹತ್ತಿರ ಬಂದು ತಿರುವಿನತ್ತ ನೋಡುತ್ತ ನಿಂತರು. ನನ್ನನ್ನು ಕಂಡು ಕೇಳಿದರು: “ಯಾಕಮ್ಮಾ, ಇವತ್ತು ಅವರು ಕಾಣಲೇ ಇಲ್ಲ?”