ಓಡದೆ ಕೂರುವ ಪಾಠ

ಇಂಗ್ಲೆಂಡಿನಲ್ಲಿ ಫೆಸೆಂಟ್ ಹಕ್ಕಿಯ ಬೇಟೆ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ. ಗುಂಡು ತಗುಲಿ ಪೊದೆಯಲ್ಲಿ ಬಿದ್ದ ಹಕ್ಕಿಯನ್ನು ಹುಡುಕಿ ತರುವುದು ಲ್ಯಾಬ್ರಡಾರ್ ನಾಯಿಯ ಕೆಲಸ. ಓಡಿಹೋಗಿ ಕಚ್ಚಿಕೊಂಡು ಬರುವ ಗುಣ ಅದಕ್ಕೆ ಹುಟ್ಟಿನಿಂದಲೇ ಇದೆ. ಕಲಿಸಬೇಕಾದದ್ದು ಓಡದೆ ಕೂರುವುದನ್ನು.

ಪಾಠ ಶುರುವಾಗುವುದು ಸೀಟಿಯಿಂದ. ಒಂದು ಉದ್ದನೆಯ ಸೀಟಿಗೆ ನಾಯಿ ಇದ್ದಲ್ಲೇ ಕೂರಬೇಕು, ಬಿಡಿಬಿಡಿ ಚುಟುಕು ಸೀಟಿಗೆ ಮರಳಬೇಕು. ಬಳಿಕ ಹಕ್ಕಿಯ ಬದಲು ಸುಮಾರು ಅರ್ಧ ಕಿಲೋ ತೂಕದ ಕ್ಯಾನ್ವಾಸ್ ಸುರುಳಿ. ಅದನ್ನು ಎಸೆದ ಕೂಡಲೇ ನಾಯಿಯನ್ನು ಬಿಡುವುದಿಲ್ಲ. ಹಲವು ಸಲ ಪಳಗಿಸುವವನೇ ನಡೆದುಹೋಗಿ ಎತ್ತಿಕೊಂಡು ಬರುತ್ತಾನೆ, ನಾಯಿ ನೋಡುತ್ತಾ ಕೂತಿರುತ್ತದೆ. ಎಳೆಯ ನಾಯಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು! ಆದರೆ ಬೇಟೆಯ ದಿನ ಸುತ್ತಲೂ ಹಕ್ಕಿಗಳು ಬೀಳುವಾಗ ಅಪ್ಪಣೆಯಿಲ್ಲದೆ ನುಗ್ಗುವ ನಾಯಿ ಎಲ್ಲರಿಗೂ ತಲೆನೋವು.

ಕೋವಿಯ ಸದ್ದನ್ನು ಮೊದಲು ದೂರದಿಂದ ಕೇಳಿಸಿ, ದಿನ ಕಳೆದಂತೆ ಹತ್ತಿರ ತರುತ್ತಾರೆ. ಅವಸರಪಟ್ಟರೆ ನಾಯಿ ಜನ್ಮವಿಡೀ ಸದ್ದಿಗೆ ಬೆದರಬಹುದು.

ತಂದ ಹಕ್ಕಿ ಅಡುಗೆಮನೆಗೆ ಹೋಗುವಂಥದ್ದು, ಹಾಗಾಗಿ ನಾಯಿ ಹಲ್ಲೂರದೆ ಹಿಡಿಯಬೇಕು. ಬಾಯಿಂದ ಕಿತ್ತುಕೊಳ್ಳಲು ಹೋದರೆ ಜಗ್ಗಾಟ ಶುರು. ಹಿಡಿತ ಬಿಗಿಯಾಗಿ ಹಕ್ಕಿಯ ಪಕ್ಕೆಲುಬು ಮುರಿಯುತ್ತದೆ. ಅದಕ್ಕೇ ಪಳಗಿದ ಕೈಗಳು ಕೆಳಗೆ ಅಂಗೈಯೊಡ್ಡಿ, ನಾಯಿ ತಾನಾಗಿ ಬಿಡುವವರೆಗೆ ಕಾಯುತ್ತವೆ.