ಲಕ್ಷ್ಯವಿಲ್ಲದ ಮಕ್ಕಳು

ಶಿಕಾರಿಪುರ ಸೀಮೆಯ ಉಡುತಡಿ ಎಂದೊಡನೆ ನಮಗೆ ನೆನಪಾಗುವವಳು ಅಕ್ಕಮಹಾದೇವಿ. ಹರಿದಾಡುವ ಚಿತ್ತವನ್ನು ಒಂದೆಡೆ ನಿಲ್ಲಿಸಿದವಳ ಊರು ಅದು. ಅದರ ಆಸುಪಾಸಿನ ಶಾಲೆಯೊಂದರಲ್ಲಿ ನಾನು ಹಲವು ವರ್ಷ ಉಪಾಧ್ಯಾಯನಾಗಿದ್ದೆ. ಅಕ್ಕನ ಕಥೆ ಹೇಳುವಾಗಲೆಲ್ಲ, ಮನಸ್ಸು ಮಾಡಿದರೆ ಚಿತ್ತ ನಿಲ್ಲುತ್ತದೆ, ನಿಲ್ಲದಿದ್ದರೆ ಅದು ಅವರವರ ತಪ್ಪು ಎಂದು ಮಕ್ಕಳಿಗೆ ಉಪದೇಶಿಸುತ್ತಿದ್ದೆ. ಆ ಉಪದೇಶದ ಫಲವನ್ನು ಮೂರನೆಯ ತರಗತಿಯ ಹುಡುಗನೊಬ್ಬ ಉಂಡ. ಈ ಹೊತ್ತು ಅವನ ವಿಚಾರವನ್ನೇ ಹೇಳಬೇಕೆಂದಿದ್ದೇನೆ.

ಜಾಣನೇ. ಆದರೆ ಮಗ್ಗಿ ಹೇಳುತ್ತ ಹೇಳುತ್ತ, ಏಳೈದ್ಲೆ ಮೂವತ್ತೈದು ಎಂದವನು ಥಟ್ಟನೆ ನಿಂತುಬಿಡುವನು. ಕಣ್ಣು ತೆರೆದೇ ಇರುತ್ತಿತ್ತು, ರೆಪ್ಪೆ ತುಸು ಅದುರುತ್ತಿತ್ತು. ಕೂಗಿದರೆ ಓಗೊಡುತ್ತಿರಲಿಲ್ಲ. ಹತ್ತು ಎಣಿಸುವಷ್ಟರಲ್ಲಿ ಎಚ್ಚೆತ್ತು, "ಎಲ್ಲಿಗೆ ಬಂದಿದ್ದೆ ಸಾರ್?" ಎನ್ನುವನು. ತರಗತಿ ಗೊಳ್ಳೆಂದು ನಗುತ್ತಿತ್ತು. ನನಗದು ಉದ್ಧಟತನವಾಗಿ ಕಾಣುತ್ತಿತ್ತು. ಬೆಂಚಿನ ಮೇಲೆ ನಿಲ್ಲಿಸಿದೆ, ಬೆತ್ತವನ್ನೂ ಎತ್ತಿದೆ. ಅದನ್ನು ಮುಚ್ಚಿಟ್ಟು ಈ ಮಾತು ಆಡಲಾರೆ.

ಕಣ್ಣು ತೆರೆಸಿದವಳು ಅವನ ತಾಯಿ. ಅಡಿಕೆ ಸುಲಿಯುವ ಕೆಲಸ ಬಿಟ್ಟು ಒಂದು ದಿನ ಶಾಲೆಗೆ ಬಂದವಳು, "ಉಣ್ಣಾಕೆ ಕುಂತಾಗ್ಲೂ ಹಿಂಗೇ ಆಗ್ತದೆ ಮೇಷ್ಟ್ರೇ, ತುತ್ತು ಕೈಯಾಗೇ ನಿಂತುಬಿಡ್ತದೆ. ತುತ್ತಿನ ಮ್ಯಾಲೆ ಲಕ್ಷ್ಯ ಇಲ್ದ ಮಗು ಐತಾ?" ಎಂದಳು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಗಾಳಿ ಸೋಕಿದೆಯೆಂದು ಅಜ್ಜಿ ಅದಾಗಲೇ ತಾಯಿತ ಕಟ್ಟಿಸಿದ್ದಳು.

ಶಿವಮೊಗ್ಗದ ವೈದ್ಯರೊಬ್ಬರು ಮಾಡಿದ ಪರೀಕ್ಷೆ ಬಲು ಸರಳವಾದದ್ದು. ಕಾಗದದ ಚೂರೊಂದನ್ನು ಹುಡುಗನ ಮುಂದೆ ಹಿಡಿದು, ಬಿಡದೆ ಊದುತ್ತಿರು ಎಂದರು. ಎರಡು ನಿಮಿಷವಾಗಿರಬೇಕು, ಕಾಗದದ ಅಲುಗಾಟ ನಿಂತಿತು. ಅದೇ ನೋಟ, ಅದೇ ರೆಪ್ಪೆಯ ಅದುರು. "ಇದು ಫಿಟ್ಸ್" ಎಂದರು. ನೆಲಕ್ಕೆ ಬಿದ್ದು, ಕೈಕಾಲು ಒದರಿ, ಬಾಯಲ್ಲಿ ನೊರೆ ಬಂದರೆ ಮಾತ್ರ ಮೂರ್ಛೆರೋಗ ಎಂದು ನಾನು ತಿಳಿದಿದ್ದೆ. ಬೀಳದೆ, ಕೂಗದೆ ಬರುವ ಈ ಮೂರ್ಛೆಗೆ ವೈದ್ಯರು ಆಬ್ಸೆನ್ಸ್ ಎಂಬ ಹೆಸರಿಟ್ಟಿದ್ದಾರೆ. ಗೈರುಹಾಜರಿ ಎಂದೇ ಅದರ ಅರ್ಥ. ದಿನವೂ ಹಾಜರಿ ಕೂಗುತ್ತಿದ್ದ ನನಗೆ ಆ ಹೆಸರು ಚುಚ್ಚಿತು.

ಇದು ಸಾಮಾನ್ಯವಾಗಿ ನಾಲ್ಕರಿಂದ ಹತ್ತು ವರ್ಷದೊಳಗೆ ತಲೆದೋರುತ್ತದೆ. ದಿನಕ್ಕೆ ಹತ್ತಾರು ಸಲ ಬರಬಹುದು. ಮಿದುಳಿನ ಹೊರಪದರಕ್ಕೂ ಒಳಗಿನ ಥಾಲಮಸ್ ಎಂಬ ಭಾಗಕ್ಕೂ ನಡುವೆ ಹರಿಯುವ ವಿದ್ಯುತ್ ಸಂಕೇತಗಳು ಹಠಾತ್ತನೆ ಒಂದೇ ತಾಳಕ್ಕೆ ಸಿಕ್ಕಿಬೀಳುತ್ತವೆ. ಅಷ್ಟು ಹೊತ್ತು ಅರಿವು ಕಡಿಯುತ್ತದೆ. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲು ದಾಖಲಿಸಿದರು. 1935ರಲ್ಲಿ ಅಮೆರಿಕದ ಗಿಬ್ಸ್, ಡೇವಿಸ್, ಲೆನಾಕ್ಸ್ ಈ ಬಗೆಯ ಮೂರ್ಛೆಯಲ್ಲಿ ಸೆಕೆಂಡಿಗೆ ಮೂರರಂತೆ ಏಳುವ ಅಲೆಯನ್ನು ತೋರಿಸಿದರು. ನಮ್ಮ ಹುಡುಗನನ್ನು ಬೆಂಗಳೂರಿನ ನಿಮ್ಹಾನ್ಸಿಗೆ ಕರೆದೊಯ್ದಾಗ ಕಾಗದದ ಮೇಲೆ ಮೂಡಿದ್ದೂ ಅದೇ ಅಲೆ.

ಬೆಂಗಳೂರು ಮತ್ತು ಅದರ ಸುತ್ತಲ ಹಳ್ಳಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರ ನಡುವೆ ನಡೆದು, 2004ರಲ್ಲಿ ಪ್ರಕಟವಾದ ಸಮೀಕ್ಷೆಯೊಂದಿದೆ. ಅದರಲ್ಲಿ ಸಾವಿರಕ್ಕೆ ಸುಮಾರು ಒಂಬತ್ತು ಮಂದಿಗೆ ಎಲ್ಲ ಬಗೆಯವೂ ಸೇರಿ ಮೂರ್ಛೆರೋಗ ಕಂಡುಬಂದಿತು. ಹಳ್ಳಿಗಳಲ್ಲಿ ಪೇಟೆಯ ಎರಡರಷ್ಟು. ಕಣ್ಣಿಗೆ ಬೀಳದ ಈ ಬಗೆ ಹಳ್ಳಿಶಾಲೆಯ ಹಿಂದಿನ ಬೆಂಚಿನಲ್ಲಿ ಎಷ್ಟು ಕಾಲ ಅಡಗಿರಬಲ್ಲುದೆಂಬುದನ್ನು ನಾನೇ ಕಂಡಿದ್ದೇನೆ.

ಆದರೆ ಲಕ್ಷ್ಯವಿಲ್ಲದವರೆಲ್ಲ ಈ ಗುಂಪಿನವರಲ್ಲ. ಕನಸು ಕಾಣುವ ಮಗು ಭುಜ ಮುಟ್ಟಿದರೆ ತಿರುಗುತ್ತದೆ, ಇವನು ತಿರುಗುತ್ತಿರಲಿಲ್ಲ. ಇನ್ನು ಕೆಲವರಿಗೆ ಕೂತಲ್ಲಿ ಕೂರಲಾಗದು, ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ಕುರಿತು ಉಪನ್ಯಾಸ ಕೊಟ್ಟರೂ ದೋಷವನ್ನು ನೈತಿಕ ಹಿಡಿತದ ಮೇಲೆಯೇ ಹೊರಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಹಬ್ಬಿದ ಮಿದುಳಿನ ಉರಿಯೂತದಿಂದ ಬದುಕುಳಿದ ಶಾಂತ ಮಕ್ಕಳು ಮುಂದೆ ಚಂಚಲರಾದುದನ್ನು ಕಂಡ ಮೇಲೆ ವೈದ್ಯರ ನೋಟ ನೀತಿಯಿಂದ ನರಗಳತ್ತ ಹೊರಳಿತು. 2007ರಲ್ಲಿ ಅಮೆರಿಕದ ಸಂಶೋಧಕರು ಈ ಮಕ್ಕಳ ಮಿದುಳನ್ನು ಅಳೆದು ನೋಡಿದರು. ಅದರ ಹೊರಪದರ ತನ್ನ ಪೂರ್ಣ ದಪ್ಪ ತಲುಪುವುದು ಇತರರಿಗಿಂತ ಸುಮಾರು ಮೂರು ವರ್ಷ ತಡವಾಗಿ. ತಡೆದುಕೊಳ್ಳುವ, ಮುಂದಾಲೋಚಿಸುವ ಹಣೆಯ ಹಿಂಭಾಗದಲ್ಲಿ ಈ ತಡ ಹೆಚ್ಚು. ಹಾಗೆಂದು ಒಂದು ಚಿತ್ರ ತೆಗೆದು, ಇವನಿಗಿದೆ, ಇವನಿಗಿಲ್ಲ ಎಂದು ಹೇಳುವಂತಿಲ್ಲ. ಮಗುವನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಬಹುಕಾಲ ನೋಡಬೇಕು. ಕಿವಿ ಸೋರಿ ಕೇಳಿಸದವನು, ರಕ್ತ ಸಾಲದವಳು, ನಿದ್ದೆಗೆಟ್ಟವನು, ಇವರೂ ಲಕ್ಷ್ಯವಿಲ್ಲದವರಂತೆಯೇ ತೋರುತ್ತಾರೆ. ಎಲ್ಲಕ್ಕೂ ಮಿದುಳನ್ನೇ ದೂರುವುದು ಬೆತ್ತದಷ್ಟೇ ಸುಲಭದ ದಾರಿ.

ವೈದ್ಯರು ಅಂದು ನನ್ನನ್ನು ಕೇಳಿದ್ದರು: ದಿನಕ್ಕೆಷ್ಟು ಸಲ, ಯಾವ ಹೊತ್ತಿಗೆ, ಎಷ್ಟು ಸೆಕೆಂಡು? ವರ್ಷವಿಡೀ ಎದುರಿಗಿದ್ದ ನನಗೆ ಒಂದೂ ಗೊತ್ತಿರಲಿಲ್ಲ. ಓದುಬರಹವಿಲ್ಲದ ಆ ತಾಯಿ ಅಡಿಗೆಮನೆಯ ಗೋಡೆಗೆ ಇದ್ದಿಲಿನಿಂದ ಗೀಟು ಹಾಕಿಟ್ಟಿದ್ದಳು. ಔಷಧಿ ಶುರುವಾಗಿ ಕೆಲವು ವಾರಗಳಾದ ಮೇಲೆ ಅವಳ ಮನೆಗೆ ಹೋಗಿದ್ದೆ. ಗೀಟುಗಳ ಸಾಲು ವಿರಳವಾಗುತ್ತ ಬಂದು, ಕಿಟಕಿಯ ಹತ್ತಿರ ನಿಂತಿತ್ತು.